ಗಾಡಿಯ ಕೆಳಗಿನಿಂದ ಬಂದ ಊಹೂಂ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದ ಕಡೆ ಓದುವವರೇ ತಿದ್ದಿಕೊಳ್ಳಬೇಕು. ದೊಡ್ಡ ಮಾತುಗಳು ನನಗೆ ಬರುವುದಿಲ್ಲ. ನನ್ನ ಸೋದರತ್ತೆಯ ವಿಷಯವನ್ನು, ಅವಳು ಹೇಳಿದ್ದಕ್ಕೆ ಏನೂ ಸೇರಿಸದೆ ಬರೆಯಲು ನೋಡಿದ್ದೇನೆ.

ಅತ್ತೆ ಗಾಡಿ ರಿಪೇರಿ ಮಾಡುವವಳು. ಶೆಡ್ಡಿಗೆ ಬಂದವರು ಮೆಕ್ಯಾನಿಕ್ ಎಲ್ಲಿ ಎಂದು ಕೇಳಿದರೆ ಅವಳು ಮಾವನ ಕಡೆ ಬೆರಳು ತೋರಿಸುತ್ತಾಳೆ. ಆದರೆ ಮಾವನ ಕೈ ಒನಕೆಯಂಥದು, ಅತ್ತೆಯದು ತೆಳ್ಳಗೆ. ಬೋಲ್ಟು ತಿರುಗಿಸುವ ಪಾನಾ ತೂರದ ಸಂದಿಯಲ್ಲೂ ಅವಳ ಬೆರಳು ತೂರುತ್ತದೆ. ಹೀಗಾಗಿ ಇಪ್ಪತ್ತೆರಡು ವರ್ಷದಿಂದ ಜಾಕಿನ ಹಿಡಿ ಮಾವನದು, ಗಾಡಿಯ ಅಡಿ ಅತ್ತೆಯದು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಮಾವ ಹೊರಗಿನಿಂದ "ಎತ್ಲಾ?" ಎನ್ನುತ್ತಾನೆ. ಅವಳು ಒಳಗಿನಿಂದ "ಹೂಂ" ಎಂದರೆ ಎತ್ತುತ್ತಾನೆ, "ಊಹೂಂ" ಎಂದರೆ ನಿಲ್ಲಿಸುತ್ತಾನೆ. ಅವರ ಸಂಸಾರದ ಅರ್ಧ ಮಾತು ಇಷ್ಟರಲ್ಲೇ ಮುಗಿದಿದೆ ಎಂದು ಅತ್ತೆ ನಗುತ್ತಿದ್ದಳು.

ಮಾವನಿಗೆ ಹೆಸರು ಬಂದದ್ದು ಕಿವಿಯಿಂದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಇಟ್ಟುಕೊಂಡರೆ ಸಾಕು, ಯಾವ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಈ ವರ್ಷ ಆ ಹಿಡಿ ಅವನ ಕಿವಿಯಲ್ಲಿ ತುಂಬಾ ಹೊತ್ತು ಇರತೊಡಗಿತು. ಆಮೇಲೆ ಗಾಡಿಯವರನ್ನೇ ಕೇಳುತ್ತಿದ್ದ, ಶಬ್ದ ಯಾವಾಗಿನಿಂದ, ಹೇಗೆ ಬರುತ್ತದೆ ಎಂದು. ಅವರು ಹೇಳಿದ್ದನ್ನೇ ತಿರುಗಿಸಿ ಅವರಿಗೆ ಹೇಳುತ್ತಿದ್ದ. ಅತ್ತೆಗೆ ಇದು ತಿಳಿಯಿತು. ಹೇಗೆ ಕೇಳುವುದೆಂದು ತಿಳಿಯಲಿಲ್ಲ.

ಹೀಗಿರುವಾಗ ಚೋಟು ಬಂದ. ಅವನು ಪ್ರವಾಸಿಗರನ್ನು ಗುಡ್ಡ ಹತ್ತಿಸುವವನು. ಆಳು ಗಿಡ್ಡ, ಆಸೆ ಎತ್ತರ. ತನ್ನ ಜೀಪಿಗೆ ದೊಡ್ಡ ಚಕ್ರ ಹಾಕಬೇಕು, ಅದಕ್ಕೆ ಬಾಡಿಯನ್ನು ಮೂರು ಇಂಚು ಎತ್ತಬೇಕು ಎಂದು ಲಿಫ್ಟ್ ಕಿಟ್ಟಿನ ಪೆಟ್ಟಿಗೆಯನ್ನು ತಾನೇ ಹೊತ್ತು ತಂದಿದ್ದ. ಮಾವ ಪೆಟ್ಟಿಗೆ ತೆರೆದು ನೋಡಿದ. ಹತ್ತು ಕಪ್ಪು ಬ್ಲಾಕು, ಹತ್ತು ಉದ್ದ ಬೋಲ್ಟು, ಸ್ಟೀರಿಂಗಿಗೆ ಒಂದು ಜೋಡಣೆ.

"ಗಾಡಿ ಎತ್ತರ ಮಾಡ್ಕೊಡ್ತೀನಿ. ಹತ್ತೋಕೆ ಏಣಿ ನೀನೇ ತರ್ಬೇಕು" ಎಂದ.

ಕೆಲಸ ಹೇಳುವುದಕ್ಕೆ ಸುಲಭ. ಜೀಪಿನ ಬಾಡಿ ಅದರ ಅಡಿಯ ಉಕ್ಕಿನ ಚೌಕಟ್ಟಿನ ಮೇಲೆ ಹತ್ತು ಬೋಲ್ಟುಗಳಿಂದ ಕೂತಿರುತ್ತದೆ. ಒಂದು ಬದಿಯ ಐದನ್ನು ಸಡಿಲ ಬಿಟ್ಟು, ಇನ್ನೊಂದು ಬದಿಯ ಐದನ್ನು ಪೂರ್ತಿ ತೆಗೆದು, ಆ ಬದಿಯನ್ನು ಜಾಕಿನಿಂದ ಎತ್ತಿ, ನಡುವೆ ಬ್ಲಾಕು ಇಡಬೇಕು. ಎತ್ತುವ ಮುಂಚೆ ಬಾಡಿಗೂ ಚೌಕಟ್ಟಿಗೂ ನಡುವೆ ಇರುವ ಪೈಪು, ವೈರು ಎಲ್ಲವನ್ನೂ ಬಿಡಿಸಿಕೊಳ್ಳಬೇಕು. ಒಂದು ಉಳಿದರೂ ಹರಿಯುತ್ತದೆ.

ಎಡಬದಿ ಸಲೀಸಾಗಿ ಆಯಿತು. ಎಲ್ಲದಕ್ಕೂ ಹೂಂ. ಬಲಬದಿಯಲ್ಲಿ ಜಾಕು ಎರಡು ಇಂಚು ಏರಿದಾಗ ಅತ್ತೆಯ ಕಣ್ಣಿಗೆ ಒಂದು ಸಣ್ಣ ಕ್ಲಿಪ್ಪು ಬಿತ್ತು. ಮಣ್ಣು ಮೆತ್ತಿಕೊಂಡಿದ್ದ ಆ ಕ್ಲಿಪ್ಪು ಬ್ರೇಕ್ ಪೈಪನ್ನು ಇನ್ನೂ ಕಚ್ಚಿಕೊಂಡಿತ್ತು.

"ಎತ್ಲಾ?"

"ಊಹೂಂ."

ಬಾಡಿ ಏರಿತು. ಪೈಪು ನೆಟ್ಟಗಾಯಿತು, ಮಡಚಿಕೊಂಡಿತು, ಬಿರಿಯಿತು. ಬ್ರೇಕ್ ಎಣ್ಣೆ ಅತ್ತೆಯ ಕತ್ತಿಗೆ ಸುರಿಯಿತು. ಅವಳು ತೆವಳಿ ಹೊರಗೆ ಬಂದಳು.

"ನೀನೇ ಹೂಂ ಅಂದೆ" ಎಂದ ಮಾವ. ದನಿಯಲ್ಲಿ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ.

ಚೋಟು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದ. ಅವನಿಗೆ ಸರಿಯಾಗಿಯೇ ಕೇಳಿಸಿತ್ತು. "ಅಣ್ಣಾ, ಅಕ್ಕ ಹೇಳಿದ್ದು..." ಎಂದು ಬಾಯಿ ತೆರೆದ. ನಾಳೆಯಿಂದ ಗುಡ್ಡದ ಡ್ರೈವರುಗಳೆಲ್ಲ ಏನು ಮಾತಾಡಿಕೊಳ್ಳುತ್ತಾರೆ ಎಂಬುದು ಅತ್ತೆಗೆ ಒಂದೇ ಕ್ಷಣದಲ್ಲಿ ಕಂಡಿತು. ಕಿವಿಯಿಂದ ಬದುಕಿದ ಮನುಷ್ಯ ಮಾವ.

"ಹೂಂ, ನಾನೇ ಅಂದೆ. ಬಾಯಿ ತಪ್ಪಿತು" ಎಂದಳು.

ಚೋಟು ಅವಳ ಮುಖ ನೋಡಿದ. ಆಮೇಲೆ ಹೊಸ ಪೈಪು ತರುತ್ತೇನೆಂದು ಹೊರಗೆ ಹೋದ.

ಆ ಸುಳ್ಳು ಹೇಳಿದ ಮೇಲೆ ಅತ್ತೆ ಅದೇ ಗಾಡಿಯ ಅಡಿಗೆ ಮತ್ತೆ ಹೋಗಬೇಕಾಯಿತು. ಈಗ ಇಳಿಸುವ ಸರದಿ. ಇಳಿಸುವುದು ಎತ್ತುವುದಕ್ಕಿಂತ ಕಷ್ಟ. ಪ್ರತಿ ಬ್ಲಾಕಿನ ತೂತನ್ನೂ ಬೆರಳಿನಿಂದ ತಡವಿ, ಮೇಲಿನ ತೂತಿಗೆ ಹೊಂದಿಸಿ, ಬಾಡಿಯನ್ನು ಕೂದಲೆಳೆಯಷ್ಟು ಇಳಿಸುತ್ತಾ ಹೋಗಬೇಕು. ಅಷ್ಟು ಹೊತ್ತೂ ಬೆರಳು ಬಾಡಿಯ ಮತ್ತು ಬ್ಲಾಕಿನ ನಡುವೆಯೇ ಇರುತ್ತದೆ.

"ಇಳಿಸ್ಲಾ?"

ಊಹೂಂ ಎನ್ನಲು ಅವಳಿಗೆ ಧೈರ್ಯವಾಗಲಿಲ್ಲ. ಸುಮ್ಮನಿದ್ದಳು. ಮಾವ ಎರಡು ಸಲ ಕೇಳಿದ, ಮೂರನೇ ಸಲ ನಿದ್ದೆ ಹೊಡೀತಿದ್ದೀಯಾ ಎಂದು ಗೊಣಗಿದ. ಅವಳು ಕೈ ಹೊರಗೆಳೆದುಕೊಂಡು ಹೂಂ ಎಂದಳು. ಮೊದಲನೆಯ ಬ್ಲಾಕು ಹೀಗೆ ಕೂತಿತು, ಎರಡನೆಯದೂ ಕೂತಿತು. ಮೂರನೆಯದರಲ್ಲಿ ಬಾಡಿಯ ಒಳಗಿನ ಒಣಮಣ್ಣು ಉದುರಿ ಅವಳ ಗಂಟಲಿಗೆ ಹೋಯಿತು. ಒಮ್ಮೆ ಕೆಮ್ಮಿದಳು. ಅಷ್ಟೇ.

ಬಾಡಿ ಇಳಿಯಿತು.

ಅವಳ ಕೂಗು ಮಾತ್ರ ಮಾವನಿಗೆ ಕೇಳಿಸಿತು. ನಾಲ್ಕೇ ಏಟಿಗೆ ಜಾಕು ಎತ್ತಿ, ಕಾಲು ಹಿಡಿದು ಅವಳನ್ನು ಹೊರಗೆಳೆದ. ಬಲಗೈಯ ನಡುಬೆರಳ ಉಗುರು ಕಿತ್ತುಬಂದಿತ್ತು, ಮೂಳೆಗೇನೂ ಆಗಿರಲಿಲ್ಲ. ಮಾವ ಒಗೆದ ಬಟ್ಟೆ ಹುಡುಕಿ ಹರಿದು ಸುತ್ತಿದ. ಒನಕೆಯಂಥ ಆ ಕೈಗೆ ಗಂಟು ಬಿಗಿಯಲು ಬರಲಿಲ್ಲ.

"ಕೆಮ್ಮಿದ್ಯಾ?"

ಅವಳು ತಲೆಯಾಡಿಸಿದಳು.

"ಹೂಂ ಅಂದಂಗೆ ಕೇಳಿಸ್ತು."

ಆಗ ಅತ್ತೆ, ವರ್ಷವೆಲ್ಲ ಬಾಯಿಗೆ ಬಂದು ನುಂಗಿಕೊಂಡಿದ್ದನ್ನು ಹೇಳಿದಳು. ಅವನ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ. "ಒಂದ್ಸಲ ಕಿವಿ ತೋರಿಸ್ಕೊಂಡು ಬರೋಣ. ನಾನೂ ಬರ್ತೀನಿ."

ಮಾವ ಅವಳ ತುಟಿಯನ್ನೇ ನೋಡುತ್ತಿದ್ದ.

"ತೋರಿಸಿದೀನಿ. ಮೂರು ತಿಂಗಳಾಯ್ತು" ಎಂದ.

ಒಬ್ಬನೇ ಹೋಗಿದ್ದನಂತೆ. ಬಿಡಿಭಾಗ ತರಲು ಹೋಗುತ್ತೇನೆಂದು ಹೇಳಿ ಹೋದ ಒಂದು ದಿನ. ಕಿವಿಯ ನರವೇ ಸೋತಿದೆ, ಕೇಳುವುದು ಇನ್ನೂ ಕಡಿಮೆಯಾಗುತ್ತದೆ, ತಿರುಗಿ ಬರುವುದಿಲ್ಲ ಎಂದರಂತೆ ಡಾಕ್ಟರು. ಕಿವಿಗೆ ಹಾಕುವ ಯಂತ್ರವನ್ನೂ ಅಲ್ಲೇ ಹಾಕಿ ನೋಡಿದ್ದರು. ಅದರಲ್ಲಿ ಬಾಗಿಲು, ಕುರ್ಚಿ, ಫ್ಯಾನು ಎಲ್ಲವೂ ಒಟ್ಟಿಗೆ ಕೂಗಿದವು, ಮಾತು ಮಾತ್ರ ಅದರ ನಡುವೆ ಎಲ್ಲೋ ಹೂತುಹೋಗಿತ್ತು ಎಂದ. ಇಷ್ಟನ್ನೂ ಹೇಳುವಾಗ ಅವನು ಬಟ್ಟೆಯ ತುದಿಯನ್ನು ಗಂಟಿನೊಳಗೆ ತೂರಿಸುತ್ತಲೇ ಇದ್ದ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಗಾಡಿ ಅಡಿಗೆ ಹೋಗ್ತಿದ್ಯಾ?"

ಹೋಗುತ್ತಿದ್ದಳೋ ಇಲ್ಲವೋ, ನನಗೆ ಇದನ್ನು ಹೇಳುವಾಗಲೂ ಅವಳಿಗೆ ಗೊತ್ತಿರಲಿಲ್ಲ. ಅಡಿಗೆ ಹೋಗಲು ಬೇರೆ ಯಾರೂ ಇಲ್ಲ, ಜಾಕು ಹಿಡಿಯಲೂ ಬೇರೆ ಯಾರೂ ಇಲ್ಲ. ಅವರಿಬ್ಬರಿಗೂ ಬೇರೆ ಕೆಲಸ ಬರುವುದಿಲ್ಲ. ಚೋಟು ಪೈಪು ಹಿಡಿದು ಬರುವುದು ದೂರದಿಂದಲೇ ಕಂಡಿತು. ಮಾವ ಎದ್ದು ನಿಂತು, ಅವನಿಗೆ ಹೇಳಬೇಡ ಎಂಬಂತೆ ಕೈ ಆಡಿಸಿದ. ಅತ್ತೆ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಇವತ್ತಿನ ಕೆಲಸ ಅಲ್ಲಿಗೇ ನಿಂತಿತು. ಎತ್ತಿದ ಬದಿಗೆ ಮರದ ದಿಮ್ಮಿ ಕೊಟ್ಟು ಬಂದಿದ್ದಾರೆ. ಬಲಬದಿಯಲ್ಲಿ ಇನ್ನೂ ಮೂರು ಬ್ಲಾಕು ಕೂರಿಸಬೇಕು. ನಾಳೆ ಬೆಳಿಗ್ಗೆ ಅತ್ತೆ ಎಡಗೈಯಿಂದ ಅವುಗಳ ತೂತು ಹೊಂದಿಸುತ್ತಾಳೆ. ಪ್ರತಿ ಸಲವೂ ಗಾಡಿಯ ಅಡಿಯಿಂದ ತೆವಳಿ ಹೊರಗೆ ಬಂದು, ಮಾವನ ಮುಖದ ಮುಂದೆ ನಿಂತು "ಇಳಿಸು" ಎನ್ನುತ್ತಾಳೆ.