ಗುರುಮಲ್ಲಮ್ಮನ ಎಡಗೆನ್ನೆ

ಬೆಳಗಿನ ಐದೂವರೆ. ತೆರಕಣಾಂಬಿಯ ಮನೆಯ ಹಿತ್ತಿಲಿನಲ್ಲಿ, ಶೀಟ್ ಹೊದಿಸಿದ ಚಪ್ಪರದ ಕೆಳಗೆ ಚೆಲುವಯ್ಯ ಮೇಷ್ಟ್ರು ಒದ್ದೆ ಗೋಣಿಚೀಲವನ್ನು ಮೆಲ್ಲಗೆ ಸರಿಸುತ್ತಾರೆ. ಒಳಗೆ ಕೆರೆಮಣ್ಣಿನ ಹೆಂಗಸೊಬ್ಬಳು ಕುಳಿತಿದ್ದಾಳೆ. ತಲೆಯ ಮೇಲೆ ಸೆರಗು, ಮಂಡಿಯ ಮೇಲೆ ಒಂದು ಕೈ. ಮೇಷ್ಟ್ರು ನೀರು ಚಿಮುಕಿಸಿ ಹೆಬ್ಬೆರಳಿನಿಂದ ಎಡಗೆನ್ನೆಯನ್ನು ಸವರುತ್ತಾರೆ, ಹಿಂದೆ ಸರಿದು ನೋಡುತ್ತಾರೆ, ಮತ್ತೆ ಸವರುತ್ತಾರೆ.

"ಗುರುಮಲ್ಲಮ್ಮ ಅಂತ, ಕೂಲಿ ಮಾಡ್ಕಂಡಿದ್ದೋರು. ಎರಡು ಸಲ ಮಾಡಿ ಎರಡು ಸಲಾನೂ ಕೆಡವ್ಬುಟ್ಟೆ. ಇವತ್ತೂ ಒಪ್ನಿಲ್ಲ ಅಂದ್ರೆ ನನ್ ಕೈಲಾಗಲ್ಲ ಅಂತ ಕೈ ಮುಗುದ್ಬುಡ್ತೀನಿ" ಎನ್ನುತ್ತಾರೆ. ಒಂಬತ್ತು ವರ್ಷದಲ್ಲಿ ನಲವತ್ತೊಂದು ಪ್ರತಿಮೆ ಮಾಡಿದ್ದಾರೆ. ಆಗುವುದಿಲ್ಲ ಎಂದು ಒಬ್ಬರನ್ನೂ ವಾಪಸು ಕಳಿಸಿಲ್ಲ. ಗುರುಮಲ್ಲಮ್ಮನ ಮನೆಯವರು ಎಂಟು ಗಂಟೆಯ ಬಸ್ಸಿಗೆ ಬರುವವರಿದ್ದಾರೆ.

ಚೆಲುವಯ್ಯನವರಿಗೆ ಅರವತ್ತೊಂಬತ್ತು. ಹುಟ್ಟಿದ್ದು ಚಂದಕವಾಡಿಯ ಕೂಲಿಕಾರರ ಮನೆಯಲ್ಲಿ. ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಒಂದನೇ ಕ್ಲಾಸಿಗೆ ಪಾಠ ಹೇಳಿದ್ದಾರೆ. ಮಕ್ಕಳು ಅಳು ನಿಲ್ಲಿಸಲೆಂದು ಕೆರೆಮಣ್ಣಿನಲ್ಲಿ ಎತ್ತು, ಕೋಳಿ ಮಾಡಿಕೊಡುತ್ತಿದ್ದದ್ದೇ ಅವರು ಕಲಿತ ವಿದ್ಯೆ. ರಿಟೈರ್ ಆದ ಮೇಲೆ ಮೊದಲು ಮಾಡಿದ್ದು ತಮ್ಮ ತಂದೆಯನ್ನು.

"ನಮ್ಮಪ್ಪನ ಒಂದು ಫೋಟೋನೂ ಇಲ್ಲ. ಕನ್ನಡಿ ಮುಂದ ಕೂತ್ಕಂಡು ನನ್ ದವಡೇನೆ ನೋಡ್ಕಂಡು ಮಾಡ್ದಿ. ಮೂಗು ಮಾತ್ರ ನಮ್ಮಕ್ಕನಿಗೆ ಬಂದಿತ್ತು. ಅವಳನ್ನ ಎರಡು ದಿನ ಕರ್ಸಿ ಕೂರಿಸ್ಕಂಡಿದ್ದಿ."

ಅದನ್ನು ನೋಡಿದವರು ತಮ್ಮವರನ್ನೂ ಮಾಡಿಕೊಡಿ ಎಂದು ಬರತೊಡಗಿದರು. ಬರುವವರೆಲ್ಲ ಸತ್ತವರನ್ನು ಹೊಲದ ಅಂಚಿನಲ್ಲೇ ಮಣ್ಣು ಮಾಡಿದವರು, ಅಲ್ಲೊಂದು ಮೂರ್ತಿ ಕೂರಿಸಬೇಕು ಎನ್ನುವವರು. ಮೇಷ್ಟ್ರು ಅವರನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತಾರೆ: ಹೇಗೆ ಕೂರುತ್ತಿದ್ದರು? ಸಿಟ್ಟು ಬಂದಾಗ ಎತ್ತ ನೋಡುತ್ತಿದ್ದರು? ಆಮೇಲೆ ಇಪ್ಪತ್ತು ದಿನ ಮಣ್ಣಿನ ಕೆಲಸ. ಬಿದಿರ ಕಡ್ಡಿ, ಗರಗಸದ ಬ್ಲೇಡು, ಕೂದಲಿನ ಗೆರೆಗೆ ಹಲ್ಲು ಮುರಿದ ಬಾಚಣಿಗೆ. ಮಣ್ಣು ಬಿರುಕು ಬಿಡದಂತೆ ದಿನಕ್ಕೆ ಮೂರು ಸಲ ನೀರು. ಅದಾದ ಮೇಲೆ ಮಣ್ಣಿನಿಂದ ಪ್ಲಾಸ್ಟರಿನ ಅಚ್ಚು, ಅಚ್ಚಿನೊಳಗೆ ಸಿಮೆಂಟು. ಸಿಮೆಂಟಿನಿಂದ ಅಂಗೈ ಒಡೆದು, ಅನ್ನ ಕಲಸಿದರೆ ಉಪ್ಪು ಹತ್ತಿ ಉರಿಯುತ್ತದೆ. ಹೆಚ್ಚು ಹೊತ್ತು ಕುಕ್ಕರುಗಾಲಲ್ಲಿ ಕೂರಲು ಮಂಡಿ ಬಿಡುವುದಿಲ್ಲ.

ಹೆಂಡತಿ ಮಂಗಮ್ಮ ಕಾಫಿ ತಂದಿಟ್ಟು ಮಾತು ಸೇರಿಸುತ್ತಾರೆ: "ಸತ್ತೋರ್ನೆಲ್ಲ ತಂದು ಹಿತ್ಲಲ್ಲಿ ಕೂರ್ಸವ್ರೆ. ಬದುಕಿರೋರು ಎಲ್ಲಿ ಕೂರಾದು ಕೇಳಿ."

"ನೀ ನಿಂತ್ಕಂಡೇ ಇದ್ದಿಯಲ್ಲಮ್ಮಿ, ಕೂತಿದ್ದು ಯಾವಾಗ?" ಮೇಷ್ಟ್ರು ನಗುತ್ತಾರೆ.

ಅವರದೊಂದು ಕಟ್ಟಳೆ ಇದೆ. ಮನೆಯವರೆಲ್ಲ ಬಂದು, ಮಣ್ಣನ್ನು ನೋಡಿ, ಇದು ನಮ್ಮವರೇ ಎನ್ನಬೇಕು. ಒಬ್ಬರು ಅಲ್ಲವೆಂದರೂ ಅಚ್ಚು ತೆಗೆಯುವುದಿಲ್ಲ, ಕೆಡವುತ್ತಾರೆ. "ಕ್ಲಾಸಲ್ಲಿ ಒಂದು ಮಗೀಗೆ ತಿಳಿನಿಲ್ಲ ಅಂದ್ರೂ ಇನ್ನೊಂದ್ಸಲ ಹೇಳ್ತಿದ್ದಿ. ಇದೂ ಅಂಗೇಯ."

ಗುರುಮಲ್ಲಮ್ಮನ ವಿಷಯದಲ್ಲಿ ಈ ಕಟ್ಟಳೆಯೇ ಕುತ್ತಿಗೆಗೆ ಬಂದಿದೆ. ಇದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ. ಅದನ್ನು ನೋಡಿ ಮಾಡಿದಾಗ ಮಗಳು ಶಾಂತಿ, "ಇವ್ಳು ನಮ್ಮವ್ವ ಅಲ್ಲ" ಎಂದು ಎದ್ದುಬಿಟ್ಟಳು. ಕೆದಕಿ ಕೇಳಿದಾಗ ತಿಳಿಯಿತು: ಎದ್ದಾಗಿನಿಂದ ಮಲಗುವವರೆಗೂ ಆಕೆಯ ಎಡಗೆನ್ನೆಯಲ್ಲಿ ಎಲೆಅಡಿಕೆ ಇರುತ್ತಿತ್ತು. ಫೋಟೋ ತೆಗೆಯುವವನು ಉಗಿದು ಬಾ ಎಂದು ಕಳಿಸಿದ್ದ. ಊರಲ್ಲಿ ಯಾರೂ ಕಂಡಿರದ ಆ ಮುಖವನ್ನೇ ಮೇಷ್ಟ್ರು ತಿದ್ದಿದ್ದರು.

ಎರಡನೇ ಸಲ ಕೆನ್ನೆ ಉಬ್ಬಿಸಿದರು. ಶಾಂತಿ ಅತ್ತಳು. ಆದರೆ ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ಮಗ ನಾಗೇಂದ್ರ ಮುಖ ಗಂಟಿಕ್ಕಿದ. "ಮೂರ್ತಿ ಕೂರ್ಸೋ ದಿನ ಆಫೀಸ್ನೋರು ಬತ್ತರೆ ಮೇಷ್ಟ್ರೇ. ಹಲ್ಲುನೋವು ಬಂದಂಗದೆ. ನಕ್ಬುಡ್ತರೆ." ಮೇಷ್ಟ್ರು ಅದನ್ನೂ ಕೆಡವಿದರು.

ಈಗಿನದು ಮೂರನೆಯದು. ಉಬ್ಬು ಅರ್ಧಕ್ಕಿಳಿದಿದೆ. ತುಟಿ ಒಂದು ಪಕ್ಕಕ್ಕೆ ಬಿಗಿದಿದೆ, ಗದ್ದ ಚೂರು ಮೇಲೆದ್ದಿದೆ. "ಎಲಡ್ಕೆ ಕಾಣಬಾರ್ದು. ಅದನ್ನ ಮಡಿಕಂಡು ಮಾತಾಡೋ ಹೆಂಗ್ಸು ಕಾಣಬೇಕು."

ಎಂಟೂಕಾಲಿಗೆ ಮೂವರು ಬರುತ್ತಾರೆ. ಶಾಂತಿ, ನಾಗೇಂದ್ರ, ಜೊತೆಗೆ ಗುರುಮಲ್ಲಮ್ಮನ ತಂಗಿ ಚಿಕ್ಕಬಸಮ್ಮ. ನಲವತ್ತು ವರ್ಷ ಅರಿಸಿನದ ಹೊಲಗಳಲ್ಲಿ ಅಕ್ಕನ ಪಕ್ಕದ ಸಾಲಿನಲ್ಲೇ ಕಳೆ ಕಿತ್ತಾಕೆ ಎಂದು ಈ ಸಲ ಮೇಷ್ಟ್ರೇ ಹೇಳಿ ಕರೆಸಿದ್ದಾರೆ. ನಾಗೇಂದ್ರ ಕೆನ್ನೆಯನ್ನೇ ನೋಡುತ್ತಾನೆ. ಮೇಷ್ಟ್ರು ಕೈ ಒರೆಸಿಕೊಳ್ಳುತ್ತಾ ಮೂಲೆಗೆ ಸರಿಯುತ್ತಾರೆ.

ಚಿಕ್ಕಬಸಮ್ಮ ಸೊಂಟದ ಮೇಲೆ ಕೈಯಿಟ್ಟು ಮಣ್ಣಿನ ಮುಂದೆ ನಿಂತು ರೇಗುತ್ತಾರೆ: "ಏನಕ್ಕ, ಯೋಳೋದೇನಿದ್ರೂ ಉಗುದ್ಬುಟ್ಟು ಯೋಳು ಅಂತ ಎಷ್ಟು ಸಲ ಬಡ್ಕಳ್ಳನ ನಿಂಗ? ಬಾಯ್ತುಂಬ ಮಡಿಕಂಡು ಗೊಣಗಿದ್ರ ಯಾರಿಗ ತಿಳ್ದದು?" ಮರುಗಳಿಗೆಯೇ ಸೆರಗು ಬಾಯಿಗೆ ಹೋಗುತ್ತದೆ.

ನಾಗೇಂದ್ರನಿಗೆ ನಗು ತಡೆಯುವುದಿಲ್ಲ. ನಗುತ್ತಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾನೆ. "ಇರ್ಲಿ ಬುಡಿ ಮೇಷ್ಟ್ರೇ. ನಗೋರು ನಗ್ಲಿ. ಇಂಗೇ ಇರ್ಲಿ." ಶಾಂತಿ ಬಗ್ಗಿ ಮಣ್ಣಿನ ಮಂಡಿ ಮುಟ್ಟುತ್ತಾಳೆ.

ಅವರು ಹೊರಟ ಮೇಲೆ ಮಂಗಮ್ಮನಿಗೆ ಬೇಜಾರು. "ಆವಮ್ಮ ಚೆನ್ನಾಗದೆ ಅಂತ ಒಂದು ಮಾತೂ ಅನ್ನಿಲ್ವಲ್ಲ!"

ಮೇಷ್ಟ್ರು ಆಗಲೇ ಅಚ್ಚಿಗೆಂದು ಪ್ಲಾಸ್ಟರ್ ಕಲಸಲು ಕೂತಿದ್ದಾರೆ.

"ಬೈದ್ಳಲ್ಲ" ಎನ್ನುತ್ತಾರೆ ತಲೆಯೆತ್ತದೆ. "ಬೊಂಬೇನ ಯಾರಾದ್ರೂ ಬೈದಾರಮ್ಮಿ?"