ಬೆಟ್ಟದ ಹೆಸರನ್ನು ಅಪ್ಪ ಬರೆದ ದಿನ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಇದ್ದದ್ದು ಆಫ್ರಿಕಾದ ಕೀನ್ಯಾದಲ್ಲಿ, ಭೂಮಧ್ಯರೇಖೆ ಹಾದುಹೋಗುವ ಒಂದು ಸಣ್ಣ ಊರಿನಲ್ಲಿ. ಭೂಮಧ್ಯರೇಖೆ ಎಂದರೆ ಬರೀ ಸೆಕೆ ಎಂದುಕೊಳ್ಳಬೇಡಿ. ನಮ್ಮ ಕಿಟಕಿಯಿಂದ ಹಿಮ ಹೊತ್ತ ಬೆಟ್ಟ ಕಾಣುತ್ತಿತ್ತು. ಆಗ ಅಲ್ಲಿ ಬ್ರಿಟಿಷರ ಆಳ್ವಿಕೆ. ಮೈಸೂರಿನಿಂದ ಹೋಗಿದ್ದ ಅಪ್ಪ ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದರು.

ಆಫೀಸಿನ ಗೋಡೆಗೆ ಆ ಬೆಟ್ಟದ ದೊಡ್ಡ ಚಿತ್ರ ಬೇಕೆಂದು ಬಿಳಿಯ ಸಾಹೇಬರು ಅಪ್ಪನಿಗೆ ಹೇಳಿದ್ದರು. ಕಣಿವೆಗಳಿಗೆ ಬರೆಯಬೇಕಾದ ಹೆಸರುಗಳ ಪಟ್ಟಿಯನ್ನೂ ಕೊಟ್ಟಿದ್ದರು. ಎಲ್ಲವೂ ಬಿಳಿಯರ ಹೆಸರುಗಳೇ. ಅದರಲ್ಲಿಲ್ಲದ ಒಂದಕ್ಷರವೂ ಕೂಡದು ಎಂದು ತಾಕೀತು ಬೇರೆ.

ಒಂದು ಶನಿವಾರ ನಸುಕಿನಲ್ಲೇ ಅಪ್ಪ ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಹುಲ್ಲುಗಾವಲಿಗೆ ಹೊರಟರು. ಆಫೀಸಿನ ಕಾವಲುಗಾರ ಅಜ್ಜ ಚಿತ್ರದ ಹಲಗೆ ಹೊತ್ತು ಜೊತೆಗೆ ಬಂದರು. ಅವರು ಆ ನೆಲದವರೇ, ಕಿಕುಯು ಜನ. ಮೋಡ ಕವಿಯುವುದರೊಳಗೆ ಚಿತ್ರ ಮುಗಿಯಬೇಕಿತ್ತು. ಇಬ್ಬನಿಗೆ ನಮ್ಮ ಕಾಲು ಮರಗಟ್ಟಿತ್ತು. ಅಪ್ಪನ ಪೆನ್ಸಿಲ್ ಮಾತ್ರ ಒಂದು ಗೆರೆಯಲ್ಲೂ ತಪ್ಪಲಿಲ್ಲ. ಬೆಟ್ಟದ ಮೇಲೆ ಮನುಷ್ಯನಿಗಿಂತ ಎತ್ತರದ ಗಿಡಗಳಿವೆ, ಚಳಿಗೆ ರಾತ್ರಿ ಎಲೆ ಮಡಚಿಕೊಂಡು ಮಲಗುತ್ತವೆ ಎಂದು ಅಜ್ಜ ಹೇಳಿದರು. ಅಪ್ಪ ಒಂದು ಮೂಲೆಯಲ್ಲಿ ಅಂಥ ಗಿಡವೊಂದನ್ನೂ ಬಿಡಿಸಿದರು.

ಅಜ್ಜ ಚಿತ್ರವನ್ನು ತುಂಬ ಹೊತ್ತು ನೋಡಿದರು. "ಇಷ್ಟೊಂದು ಹೆಸರು ಬರೆದಿದ್ದೀರಿ. ಬೆಟ್ಟದ ಹೆಸರು ಎಲ್ಲಿ?" ಎಂದು ಕೇಳಿದರು.

"ಅದನ್ನು ನೀವು ಏನೆಂದು ಕರೆಯುತ್ತೀರಿ?" ಎಂದರು ಅಪ್ಪ.

"ಕಿರಿನ್ಯಾಗ."

ಅಪ್ಪ ಶಿಖರದ ಕೆಳಗೆ ಕನ್ನಡದಲ್ಲಿ ದುಂಡಗೆ 'ಕಿರಿನ್ಯಾಗ' ಎಂದು ಬರೆದರು. ಬೆರಳಿಟ್ಟು ಓದಿ ತೋರಿಸಿದಾಗ ಅಜ್ಜ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು.

"ಅಪ್ಪ, ಸಾಹೇಬ್ರು ಕೇಳಿದ್ರೆ?" ಅಕ್ಕನ ಮುಖ ಸಣ್ಣದಾಯಿತು. ಕೆಲಸ ಹೋದರೆ ನಮಗೆ ಬೇರೆ ದಿಕ್ಕಿರಲಿಲ್ಲ.

"ಕೇಳಿದ್ರೆ ನಿಜ ಹೇಳ್ತೀನಿ."

ಮಧ್ಯಾಹ್ನ ಆಫೀಸಿನಲ್ಲಿ ಚಿತ್ರ ನೋಡಿದ ಸಾಹೇಬರು ಕೇಳಿಯೇ ಬಿಟ್ಟರು. "ಈ ಸುರುಳಿ ಸುರುಳಿ ಏನಿದು?"

"ಬೆಟ್ಟದ ಹೆಸರು ಸರ್. ನನ್ನ ಲಿಪಿಯಲ್ಲಿ."

ಯಾವ ಹೆಸರು ಎಂದು ಅವರು ಕೇಳಲಿಲ್ಲ. ಚೆನ್ನಾಗಿದೆ ಎಂದು ತಲೆದೂಗಿ ಗೋಡೆಗೆ ಹಾಕಿಸಿದರು. ಹೊರಗೆ ಬಂದದ್ದೇ ಅಪ್ಪ ಮೆಟ್ಟಿಲ ಮೇಲೆ ಕುಸಿದು ಕೂತರು. ಅಂಥ ಧೈರ್ಯವನ್ನು ನಾನು ಮತ್ತೆ ಕಂಡಿಲ್ಲ.

ಸ್ಕೋಫೀಲ್ಡ್ಸ್ ಊರಿನ ಮೊಮ್ಮಗನೇ, ಮೆಲ್ಬರ್ನ್‌ನ ಮೊಮ್ಮಗಳೇ, ನಿಮ್ಮ ಶಾಲೆಗಳಲ್ಲಿ ಬೆಟ್ಟದ ಚಿತ್ರ ಬರೆದರೆ, ನಾವೀಗ ಇರುವ ಈ ದೇಶದ ಮೂಲನಿವಾಸಿಗಳು ಅದನ್ನು ಕರೆಯುವ ಹೆಸರನ್ನೇ ಮೊದಲು ಬರೆಯಿರಿ ಎನ್ನುತ್ತಾರೆ ಟೀಚರ್. ನೀವು ಬಣ್ಣದ ಪೆನ್ನಿನಲ್ಲಿ ದೊಡ್ಡದಾಗಿ ಬರೆದು, "ತಾತ, ಹೋಂವರ್ಕ್ ಡನ್" ಎನ್ನುತ್ತ ಆಡಲು ಓಡುತ್ತೀರಿ.