ಕೆಂಪಾಗಿಯೇ ಉಳಿದ ಬಾಗಿಲು

ಬೆಳಕು ಸರಿಯಾಗಿ ಹರಿಯುವ ಮೊದಲೇ ಮಿನ್ಕಾ ಶೆಡ್ಡಿನ ನೆಲಕ್ಕೆ ನೀರು ಚಿಮುಕಿಸುತ್ತಾರೆ. ಧೂಳು ಏಳಬಾರದು. ಪ್ಲೊವ್‌ದಿವ್‌ ನಗರದ ಅಂಚಿನ ಈ ಬೀದಿಯಲ್ಲಿ ಲಾರಿಗಳ ಓಡಾಟ ಇನ್ನೂ ಶುರುವಾಗಿಲ್ಲ. ನಿನ್ನೆ ಅಂಗಳಗಳಲ್ಲಿ ಸುಟ್ಟ ದಪ್ಪಮೆಣಸಿನಕಾಯಿಯ ವಾಸನೆ ಗಾಳಿಯಲ್ಲಿ ಹಾಗೇ ನಿಂತಿದೆ.

ಮುಂದಿರುವುದು ಹಳೆಯ ಕೆಂಪು ಓಪೆಲ್ ಕಾರು. ಅದರ ಬಾನೆಟ್ಟಿನ ಮೇಲೆ ಕಪ್ಪು ಕಾರ್ಬನ್ ವಿನೈಲ್ ಎಂಬ ತೆಳು ಅಂಟುಹಾಳೆ ಹರಡಿ, ಬಿಸಿಗಾಳಿಯ ಗನ್ ಹಿಡಿದು, ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗುತ್ತಾರೆ. ಹಾಳೆಯ ಮೈಯಲ್ಲಿ ಚಾಪೆಯ ಹೆಣಿಗೆಯಂಥ ಸಣ್ಣ ಗೆರೆಗಳಿವೆ. ಇಡೀ ಕಾರಿನ ಮೇಲೆ ಆ ಗೆರೆಗಳು ಒಂದೇ ದಿಕ್ಕಿಗೆ ಓಡಬೇಕು. ಒಂದು ಭಾಗ ಅಡ್ಡವಾದರೂ ಬಿಸಿಲಿಗೆ ನಿಲ್ಲಿಸಿದಾಗ ಅದು ಬೇರೆ ಕಾರಿನಿಂದ ತಂದು ಕೂರಿಸಿದಂತೆ ಕಾಣುತ್ತದೆ.

ಐವತ್ತು ದಾಟಿರುವ ಮಿನ್ಕಾ ಮೊದಲು ಅಂಗಡಿಗಳ ಬೋರ್ಡಿಗೆ ಅಕ್ಷರ ಕತ್ತರಿಸುತ್ತಿದ್ದವರು. ಯಂತ್ರಗಳು ಬಂದು ಆ ಕೆಲಸ ಹೋಯಿತು, ಕತ್ತರಿಸುವ ಕೈ ಉಳಿಯಿತು. ತಿಂಗಳಿಗೆ ಮೂರು ಕಾರು ಬಂದರೆ ಹೆಚ್ಚು. ಬೆರಳ ತುದಿಗಳು ಸುಟ್ಟು ಸುಟ್ಟು ನುಣುಪಾಗಿವೆ. ಶೆಡ್ಡಿನಲ್ಲಿ ದುಡಿಯುವವರು ಅವರೊಬ್ಬರೇ; ಆದರೂ ಹೆಂಗಸೆಂದು ಬಂದವರು ಈಗಲೂ ಅವರನ್ನು ದಾಟಿ ಒಳಗೆ ಇಣುಕುತ್ತಾರೆ. "ಮೇಸ್ತ್ರಿ ಎಲ್ಲಿ ಅಂತ ಕೇಳ್ತಾರೆ. ಕಾಫಿಗೆ ಹೋಗಿದಾನೆ, ಕೀ ಕೊಟ್ಟು ಹೋಗಿ ಅಂತೀನಿ. ಕಾರು ತಗೊಂಡು ಹೋಗೋವಾಗ ಅವನ ಕೆಲಸ ಚೆನ್ನಾಗಿದೆ ಅಂತ ಹೊಗಳ್ತಾರೆ," ಎನ್ನುತ್ತಾರೆ ಮಿನ್ಕಾ.

ಬಣ್ಣಕ್ಕಿಂತ ಇದೇ ಏಕೆ ಎಂದವರಿಗೆ ಅವರದ್ದು ಒಂದೇ ಉತ್ತರ: "ಇದು ಅಂಗಿ ಇದ್ದ ಹಾಗೆ. ಬೇಜಾರಾದ್ರೆ ಬಿಚ್ಚಿ. ಒಳಗಿನ ಮೈ ಹಾಗೇ ಇರುತ್ತೆ."

ಇವತ್ತು ಆ ಮಾತೇ ಅವರನ್ನು ಕಾಡುತ್ತಿದೆ. ಚಾಲಕನ ಕಡೆಯ ಬಾಗಿಲೊಂದನ್ನು ಕೊನೆಗೆ ಉಳಿಸಿಕೊಂಡಿದ್ದಾರೆ. ಅದರ ಕೆಂಪೇ ಬೇರೆ. ಕಾರಿನ ಯಜಮಾನ ಬೊಜಿಲ್ ಗೇಟಿಗೆ ಉಜ್ಜಿಕೊಂಡ ಬಾಗಿಲಿಗೆ ತಾನೇ ಬ್ರಶ್ಶಿನಲ್ಲಿ ಬಣ್ಣ ಬಳಿದಿದ್ದ. ಆತ ತೀರಿಕೊಂಡು ವರ್ಷವಾಗಿದೆ. ಆ ಬಾಗಿಲು ಕಾಣದಂತಾಗಲಿ ಎಂದೇ ಮಗ ಅಸೆನ್ ಕಾರಿಗೆ ಕಾರ್ಬನ್ ಹೊದಿಸಲು ಕೊಟ್ಟಿದ್ದಾನೆ. ತಾಯಿ ಸ್ಲಾವ್ಕಾ ಒಪ್ಪಿದ್ದು ಅಂಗಿಯ ಮಾತು ಕೇಳಿದ ಮೇಲೆ.

ಆದರೆ ವಿನೈಲ್ ಏನನ್ನೂ ಮುಚ್ಚಿಡುವುದಿಲ್ಲ. ಕೆಳಗೊಂದು ಮರಳಿನ ಕಾಳು ಸಿಕ್ಕಿದರೂ ಮೇಲೆ ಗುಳ್ಳೆಯಾಗಿ ಕಾಣುತ್ತದೆ. ಈ ಬಾಗಿಲ ತುಂಬ ಬ್ರಶ್ಶಿನ ಏರಿಳಿತ. ಉಜ್ಜಿ ನುಣುಪು ಮಾಡದೆ ಹಾಳೆ ಕೂರುವುದಿಲ್ಲ. ಉಜ್ಜಿದರೆ ಬೊಜಿಲ್‌ನ ಬಣ್ಣ ಉಳಿಯುವುದಿಲ್ಲ.

ಹತ್ತರ ಹೊತ್ತಿಗೆ ತಾಯಿ ಮಗ ಬರುತ್ತಾರೆ. ಸ್ಲಾವ್ಕಾ ಕೈಯಲ್ಲಿ ನೀರಿನ ತಾಮ್ರದ ತಂಬಿಗೆ, ಶುಭವಾಗಲೆಂದು ಹೊರಡುವ ಕಾರಿನ ಹಿಂದೆ ಚೆಲ್ಲಲು.

"ಗೇಟಿಗೆ ಕಟ್ಟಿದ್ದ ಸಾವಿನ ಕಪ್ಪು ಪಟ್ಟಿ ಬಿಚ್ಚಿ ಇನ್ನೂ ತಿಂಗಳಾಗಿಲ್ಲ. ಈಗ ಕಾರಿಗೂ ಕಪ್ಪು," ಎಂದು ಸ್ಲಾವ್ಕಾ ಗೊಣಗುತ್ತಾರೆ.

ಅಸೆನ್ ಬಾಗಿಲು ನೋಡಿ, "ಇದಿನ್ನೂ ಆಗಿಲ್ವಾ ಅಕ್ಕಾ?" ಎನ್ನುತ್ತಾನೆ.

"ಇದನ್ನ ಉಜ್ಜಬೇಕಾಗುತ್ತೆ," ಎನ್ನುತ್ತಾರೆ ಮಿನ್ಕಾ. ಅಸೆನ್ ಕಣ್ಣಲ್ಲೇ ಸುಮ್ಮನಿರಿ ಎನ್ನುತ್ತಾನೆ. ಮಿನ್ಕಾ ತಾಯಿಯ ಕಡೆಗೆ ತಿರುಗುತ್ತಾರೆ. "ಅಮ್ಮಾ, ಅಂಗಿ ಅಂದಿದ್ನಲ್ಲ, ಈ ಬಾಗಿಲಿಗೆ ಆ ಮಾತು ಸುಳ್ಳು. ಉಜ್ಜಿದ ಮೇಲೆ ಅವರ ಬಣ್ಣ ವಾಪಸ್ ಬರಲ್ಲ."

ಸ್ಲಾವ್ಕಾ ತಂಬಿಗೆ ಕೆಳಗಿಟ್ಟು ಬಾಗಿಲ ಮೇಲೆ ಬೆರಳಾಡಿಸುತ್ತಾರೆ. ಹಿಡಿಕೆಯ ಕೆಳಗೆ ಬೆರಳು ನಿಲ್ಲುತ್ತದೆ. ಅಲ್ಲಿ ಬಣ್ಣದೊಳಗೆ ಬ್ರಶ್ಶಿನ ಒಂದು ಕೂದಲು ಸಿಕ್ಕಿಕೊಂಡಿದೆ.

"ಕಳ್ಳ ನನ್ಮಗ. ಇದು ನನ್ನ ಬ್ರಶ್ಶು. ಬಾನಿತ್ಸಾ ಬೇಯಿಸೋವಾಗ ಹಿಟ್ಟಿನ ಹಾಳೆಗೆ ಬೆಣ್ಣೆ ಸವರೋದು. ಇಲಿ ಎತ್ಕೊಂಡು ಹೋಯ್ತು ಅಂದಿದ್ದ." ನಗು ಅರ್ಧಕ್ಕೇ ನಿಲ್ಲುತ್ತದೆ. "ಹುಡುಗೀ, ಇದನ್ನ ಮುಟ್ಟಬೇಡ."

"ಅಮ್ಮಾ, ಕಪ್ಪು ಕಾರಿಗೆ ಒಂದೇ ಕೆಂಪು ಬಾಗಿಲು! ಬೀದಿಯೋರು ನಗ್ತಾರೆ," ಎನ್ನುತ್ತಾನೆ ಅಸೆನ್.

"ನಿಮ್ಮಪ್ಪನ್ನ ನೋಡಿದ್ರೂ ನಗ್ತಿದ್ರು. ಅದಕ್ಕೇ ಅವನು ಬೀದಿಗೆ ಹೋಗದೆ ಇದ್ನಾ?"

ಮಿನ್ಕಾ ಬಾಗಿಲಿನ ಸುತ್ತ ಹಾಳೆಯ ಅಂಚುಗಳನ್ನು ಮಡಚಿ, ಬಿಸಿ ಮಾಡಿ, ಉಗುರಿನಿಂದ ಒತ್ತುತ್ತಾರೆ. ಕೆಂಪಿನ ಮೇಲೆ ಎಲ್ಲೂ ಕಪ್ಪು ಹತ್ತುವುದಿಲ್ಲ. ಕೊನೆಗೆ ಅಸೆನ್ ಕೀ ಎತ್ತಿಕೊಂಡು ಕಾರು ಹೊರಗೆ ತೆಗೆಯುತ್ತಾನೆ. ಸ್ಲಾವ್ಕಾ ತಂಬಿಗೆ ಎತ್ತುತ್ತಾರೆ.

"ನೆಲಕ್ಕಮ್ಮಾ, ನೆಲಕ್ಕೆ! ಕಾರಿಗೆ ಬೇಡ, ಅಂಚಿಗೆ ನೀರು ಇಳಿಯುತ್ತೆ," ಎಂದು ಮಿನ್ಕಾ ಕೂಗುತ್ತಾರೆ. ಹಿಂದೊಮ್ಮೆ ಯಾರದೋ ಅಜ್ಜಿ ಚೆಲ್ಲಿದ ನೀರಿಗೆ ಒಂದು ಬಂಪರಿನ ಹಾಳೆಯೇ ಎದ್ದಿತ್ತು, ಬೈಗುಳ ತಿಂದದ್ದು ಮಿನ್ಕಾ. ನೀರು ರಸ್ತೆಗೆ ಬೀಳುತ್ತದೆ. ಕಾರು ಅದರಾಚೆ ತಿರುವಿನಲ್ಲಿ ಕೆಂಪು ಬಾಗಿಲು ತೋರಿಸುತ್ತಾ ಮರೆಯಾಗುತ್ತದೆ.

ನೋಡಿದವರು ಅರ್ಧಂಬರ್ಧ ಕೆಲಸ ಅಂದುಕೊಳ್ಳುವುದಿಲ್ಲವೇ ಎಂದು ಸ್ಲಾವ್ಕಾ ಕೇಳುತ್ತಾರೆ. ಮಿನ್ಕಾ ಬೆರಳು ಮಡಚಿ ಬಿಡಿಸುತ್ತಾರೆ.

"ಅಂದ್ಕೊಳ್ಳಲಿ. ಯಾರಾದ್ರೂ ಕೇಳಿದ್ರೆ, ಆ ಬಾಗಿಲು ಬಿಟ್ಟಿದ್ದು ಮಿನ್ಕಾ ಅಂತ ಹೇಳಿ, ಸಾಕು. ಮೇಸ್ತ್ರಿ ಅಂತ ಹೇಳಬೇಡಿ."